ಯಾರಿಗೂ ಹೊಂದದ ರಕ್ತ

"ನಂಗೂ ಅದೇ ಇರೋದು," ಎಂದ ಈವಾರ್. ಚಾಕುವಿನ ತುದಿಯಲ್ಲಿ ಬಿಸಿ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ.

ಅಲ್ಲಿಯವರೆಗೆ ಮಾತಾಡುತ್ತಿದ್ದವಳು ಅವನ ತಂಗಿ ರಗ್ನಾ. ಅಂದು ಅವಳು ಉಮಿಯೋ ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಮದುವೆಯಾದ ಮೇಲೆ ಮೂರು ಸಲ ಬಸಿರಾಗಿ ಮೂರು ಸಲವೂ ಇಳಿದುಹೋಗಿತ್ತು. ಈಗ ಮತ್ತೆ ಬಸಿರು ನಿಂತಿತ್ತು. ಈ ಸಲದ ಡಾಕ್ಟರು ಅವಳ ರಕ್ತವನ್ನು ಎಲ್ಲ ಬಗೆಯಲ್ಲೂ ಪರೀಕ್ಷೆ ಮಾಡಿಸಿದ್ದರು. ಆಸ್ಪತ್ರೆಯ ದಾಸ್ತಾನಿನಲ್ಲಿದ್ದ ಯಾವ ಚೀಲದ ರಕ್ತವೂ ಅವಳದರ ಜೊತೆ ಹೊಂದಿರಲಿಲ್ಲ. ಲೋಕದ ಬಹುಪಾಲು ಎಲ್ಲರ ರಕ್ತದ ಕಣಗಳ ಮೇಲೂ ಇರುವ ಯಾವುದೋ ಗುರುತು ಅವಳ ಕಣಗಳ ಮೇಲೆ ಇಲ್ಲವಂತೆ. ಆ ಗುರುತು ಕಂಡದ್ದನ್ನೆಲ್ಲ ಅವಳ ಮೈ ಶತ್ರು ಎಂದು ತಿಳಿದು ಒಡೆದುಹಾಕುತ್ತದಂತೆ. ಹೊಟ್ಟೆಯೊಳಗೆ ಕೂಸು ಬೇರು ಬಿಡಲು ಹೋದ ಜಾಗದಲ್ಲೂ ಅದೇ ಆಗುತ್ತಿತ್ತು.

"ಯಾವುದು ನಿಂಗೂ ಇರೋದು?" ಎಂದು ಕೇಳಿದಳು ರಗ್ನಾ.

"ಅದೇ, ಆ ರಕ್ತ. ಸೈನ್ಯದ ತರಬೇತಿಗೆ ಹೋಗಿದ್ದಾಗ ಎಲ್ಲಾರ ಜೊತೆ ರಕ್ತ ಕೊಟ್ಟಿದ್ದೆ. ಆಮೇಲೆ ಕರೆದು ಹೇಳಿದ್ರು."

"ಏನಂತ?"

"ಬಹಳ ಅಪರೂಪದ್ದು, ಬೇರೆಯವರ ರಕ್ತ ಹಾಕಿಸ್ಕೊಂಡ್ರೆ ಸಾಯ್ತೀಯ ಅಂತ." ಅವನು ಆಲೂಗಡ್ಡೆಯ ಮೇಲೆ ಬೆಣ್ಣೆ ಇಟ್ಟು ಅದು ಕರಗುವುದನ್ನು ನೋಡಿದ. "ಒಡಹುಟ್ಟಿದವರಿದ್ರೆ ಅವರನ್ನೂ ಪರೀಕ್ಷೆ ಮಾಡಿಸಿ ಅಂದ್ರು. ಹೆಂಗಸರಿದ್ರೆ ಮುಖ್ಯವಾಗಿ."

ಮೇಜಿನ ಸುತ್ತ ಐದು ಜನ ಕೂತಿದ್ದರು. ರಗ್ನಾಳ ಗಂಡ ಹೋಕನ್, ಮರದ ದಿಮ್ಮಿಯ ಲಾರಿ ಓಡಿಸುವವನು, ಫೋರ್ಕನ್ನು ತಟ್ಟೆಯ ಪಕ್ಕಕ್ಕಿಟ್ಟ. ಅಜ್ಜಿ ಹಿಲ್ಡುರ್ ಕಿವಿ ಕೇಳಿಸದವಳಂತೆ ಉಪ್ಪುಮೀನಿನ ಮುಳ್ಳು ತೆಗೆಯುತ್ತಿದ್ದಳು. ಗುನ್ವೋರ್ ಮಾತ್ರ ಮಗನ ಮುಖವನ್ನೂ ಮಗಳ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ತಾಯಿಯಾದವಳಿಗೆ ಮುಂದಿನದು ಮೊದಲೇ ಕಾಣುತ್ತಿತ್ತು, ತಡೆಯುವ ದಾರಿ ಕಾಣುತ್ತಿರಲಿಲ್ಲ.

"ನಾನಾಗ ಎಲ್ಲಿದ್ದೆ?" ಎಂದಳು ರಗ್ನಾ.

"ಸ್ಕೂಲಲ್ಲಿ."

"ಸ್ಕೂಲು ಮುಗೀತಲ್ಲ. ಮದುವೆನೂ ಆಯ್ತು. ಒಂದಾದ ಮೇಲೊಂದು ಹೋದಾಗ ನೀನೇ ಕಾರು ತಗೊಂಡು ಆಸ್ಪತ್ರೆಗೆ ಬಂದಿದ್ದೆ. ಹೂವು ತಂದಿದ್ದೆ."

"ಏನಂತ ಹೇಳ್ಕೊಂಡು ಬರ್ಲಿ? ನನ್ನ ರಕ್ತ ನಿಮ್ಮೆಲ್ಲರದಕ್ಕಿಂತ ವಿಶೇಷ ಅಂತಾನಾ?"

ಯಾರೂ ನಗಲಿಲ್ಲ. ಅದೊಂದು ಕಾರಣವೇ ಎಂದು ಯಾರೂ ಕೇಳಲೂ ಇಲ್ಲ. ಆ ಮನೆಯಲ್ಲಿ, ಆ ಹೊಳೆದಂಡೆಯ ಯಾವ ಮನೆಯಲ್ಲೂ, ಅದು ಕಾರಣವೇ ಆಗಿತ್ತು. ಊರಿನ ಅತಿ ದೊಡ್ಡ ಎಲ್ಕ್ ಜಿಂಕೆ ಹೊಡೆದವನೂ ಮನೆಗೆ ಬಂದು "ಒಂದು ಸಿಕ್ತು" ಎಂದಷ್ಟೇ ಹೇಳುತ್ತಿದ್ದ. ಕಾಯಿಲೆಯ ಮಾತೂ ಹಾಗೆಯೇ, ಕೇಳಿದರೆ ಉತ್ತರ, ಕೇಳದಿದ್ದರೆ ಇಲ್ಲ. ಗುನ್ವೋರ್‌ಳಿಗೆ ಹೆದರಿಕೆ ಹುಟ್ಟಿಸಿದ್ದು ಮಗನ ಮಾತಲ್ಲ. ಅವನ ಜಾಗದಲ್ಲಿದ್ದಿದ್ದರೆ ತಾನೂ ಹೇಳುತ್ತಿರಲಿಲ್ಲವೇನೋ ಎಂಬ ಅನುಮಾನ.

ರಗ್ನಾ ಎದ್ದು ತನ್ನ ತಟ್ಟೆ ತೊಳೆದು ಒರೆಸಿ, ಜಾಗದಲ್ಲಿಟ್ಟು, ಮಹಡಿಗೆ ಹೋದಳು. ಹೋಕನ್ ಹಿಂದೆಯೇ ಹೋದ. ಈವಾರ್ ಆಲೂಗಡ್ಡೆ ತಿಂದು ಮುಗಿಸಿ, ಅಂಗಳದಾಚೆಯ ತನ್ನ ಮನೆಗೆ ಹೊರಟ. ಮರುದಿನವೂ ಊಟಕ್ಕೆ ಬಂದ. ರಗ್ನಾ ಅವನು ಬರುವ ಮೊದಲೇ ಉಂಡು ಎದ್ದಿದ್ದಳು. ಅಂದಿನಿಂದ ಗುನ್ವೋರ್ ಎರಡು ಸಲ ಮೇಜು ಹಾಕತೊಡಗಿದಳು.

ಹೊಳೆಯ ಮಂಜುಗಡ್ಡೆ ಒಡೆದು ತೇಲಿಹೋಗುವ ಹೊತ್ತಿಗೆ ರಗ್ನಾಳ ಚಿಕಿತ್ಸೆ ಶುರುವಾಗಿತ್ತು. ವಾರದಲ್ಲಿ ಹಲವು ದಿನ ಪಟ್ಟಣಕ್ಕೆ ಹೋಗಬೇಕು. ಹೋಕನ್ ಲಾರಿಯ ಮೇಲೆ ಇರುತ್ತಿದ್ದರಿಂದ ಕಾರು ಓಡಿಸುವ ಕೆಲಸ ಗುನ್ವೋರ್‌ಳದಾಯಿತು. ಆಸ್ಪತ್ರೆಯಲ್ಲಿ ರಗ್ನಾಳ ಒಂದು ತೋಳಿನಿಂದ ರಕ್ತ ಹೊರಗೆ ಬಂದು ಯಂತ್ರದೊಳಗೆ ಸುತ್ತಿ, ಕೆಂಪು ಕಣಗಳು ಒಂದು ಕಡೆಗೂ ತಿಳಿನೀರು ಒಂದು ಕಡೆಗೂ ಬೇರೆಯಾಗುತ್ತಿದ್ದವು. ಕೂಸನ್ನು ಕೊಲ್ಲುವುದು ಆ ನೀರಿನಲ್ಲಿತ್ತು. ಅದನ್ನು ತೆಗೆದು, ಬದಲಿಗೆ ಬೇರೆ ದ್ರವ ಸೇರಿಸಿ, ಅವಳ ಕೆಂಪನ್ನು ಅವಳಿಗೇ ಹಿಂದಿರುಗಿಸುತ್ತಿದ್ದರು. ತೆಗೆದ ನೀರು ಚೀಲದಲ್ಲಿ ತುಂಬಿಕೊಳ್ಳುವುದನ್ನು ಗುನ್ವೋರ್ ಮೊದಲ ದಿನ ಕಣ್ಣು ಕೀಲಿಸಿ ನೋಡಿದಳು. ಕಿಟಕಿಯ ಬಿಸಿಲಿಗೆ ಅದು ಜೇನಿನಂತೆ ಹೊಳೆಯುತ್ತಿತ್ತು. ಮೂರು ಮೊಮ್ಮಕ್ಕಳನ್ನು ತೆಗೆದುಕೊಂಡು ಹೋದದ್ದು ಇಷ್ಟು ಚೆಲುವಾಗಿರಬಹುದೆಂದು ಅವಳು ಎಣಿಸಿರಲಿಲ್ಲ.

ಡಾಕ್ಟರ್ ಸೆಸಿಲಿಯಾ ಹೇಳಿದ್ದನ್ನು ಗುನ್ವೋರ್ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಇಂಥ ರಕ್ತದವರು ಎಲ್ಲೆಲ್ಲೂ ಬೆರಳೆಣಿಕೆಯ ಮಂದಿ, ಆದರೆ ಈ ಸೀಮೆಯ ಹಳೆಯ ಮನೆತನಗಳಲ್ಲಿ ಮಾತ್ರ ಒಂದಿಷ್ಟು ಹೆಚ್ಚು. ಹೆರಿಗೆಯಲ್ಲಿ ರಕ್ತ ಹೋದರೆ ಇದೇ ಬಗೆಯದನ್ನೇ ಕೊಡಬೇಕು. ಹೆಪ್ಪುಗಟ್ಟಿಸಿ ಇಟ್ಟ ಕೆಲವು ಚೀಲಗಳಿವೆ, ಆದರೆ ಅವನ್ನು ಕರಗಿಸಿ ತೊಳೆದು ಸಿದ್ಧ ಮಾಡಲು ಹೊತ್ತು ಹಿಡಿಯುತ್ತದೆ. ತಾಜಾ ಚೀಲ ಕೆಲವು ವಾರ ಇಡಬಹುದು, ಅದು ಕೈಯಲ್ಲಿದ್ದರೆ ಒಳ್ಳೆಯದು. ಏನಾದರೂ ಅವಘಡವಾದರೆ ಮನೆಯವರು ಎಲ್ಲಕ್ಕಿಂತ ಮೊದಲು ಈ ವಿಷಯ ಹೇಳಬೇಕು, ಯಾರೂ ಕೇಳದಿದ್ದರೂ ಹೇಳಬೇಕು.

"ನಿನಗೊಬ್ಬ ಅಣ್ಣ ಇದ್ದಾನಲ್ಲ," ಎಂದಿದ್ದರು ಡಾಕ್ಟರು.

"ಅವನನ್ನ ನಾನು ಕೇಳೋದಿಲ್ಲ," ಎಂದಿದ್ದಳು ರಗ್ನಾ.

ಮನೆಯಲ್ಲಿ ಅಜ್ಜಿಯದು ಇನ್ನೊಂದು ವರಾತ. ರಕ್ತ ತೊಳೆಸುವುದು ಹಿಲ್ಡುರ್‌ಳಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಕೆನೆ ತೆಗೆದ ಹಾಲಿನ ಹಾಗಾಗುತ್ತದೆ ಹುಡುಗಿ ಎಂದು ಗೊಣಗುತ್ತಾ, ಪ್ರಾಣಿಯ ರಕ್ತದಲ್ಲಿ ಹಿಟ್ಟು ಕಲಸಿ, ಒಳಗೆ ಹಂದಿಮಾಂಸವಿಟ್ಟು ಮುಷ್ಟಿಗಾತ್ರದ ಕಪ್ಪು ಕಡುಬುಗಳನ್ನು ಬೇಯಿಸುತ್ತಿದ್ದಳು. ರಗ್ನಾ ವಾಸನೆಗೇ ತಟ್ಟೆ ದೂರ ಸರಿಸುತ್ತಿದ್ದಳು. ಅವಳು ಬಿಟ್ಟ ಕಡುಬುಗಳನ್ನು ಈವಾರ್ ಎರಡನೇ ಪಂಕ್ತಿಯಲ್ಲಿ ಒಂದೂ ಬಿಡದೆ ತಿನ್ನುತ್ತಿದ್ದ.

"ನಮ್ಮ ಕಾಲದಲ್ಲಿ ಬಸುರಿಯರು ಕೊನೇ ದಿನದವರೆಗೂ ಕೊಟ್ಟಿಗೆ ಕೆಲಸ ಮಾಡ್ತಿದ್ರು," ಎಂದಳು ಹಿಲ್ಡುರ್ ಒಂದು ಬೆಳಿಗ್ಗೆ. "ಹಿಮದಲ್ಲಿ ಸ್ಕೀ ಆಡ್ಕೊಂಡು ತಿರುಗ್ತಿರ್ಲಿಲ್ಲ. ಆ ಮೊದಲನೇದು ಹೋಗಿದ್ದೇ ಅದರಿಂದ."

"ನಿಮ್ಮ ಕಾಲದಲ್ಲಿ ಎಲ್ಲಾ ಸರಿಹೋಗ್ತಿತ್ತಾ ಅಜ್ಜಿ? ಪಕ್ಕದ ಮನೇಲಿ ಎಂಟು ಮಕ್ಕಳು. ನಿಂಗ್ಯಾಕೆ ನಮ್ಮಮ್ಮ ಒಬ್ಳೇ?"

ಹಿಲ್ಡುರ್ ಕಾಫಿ ಬಟ್ಟಲು ಹಿಡಿದು ಎದ್ದುಹೋದಳು. ಹಾಗೆಲ್ಲ ಕೇಳಬಾರದು ಎಂದು ಗುನ್ವೋರ್ ಮಗಳನ್ನು ಗದರಿದಳು. ಆದರೆ ಆ ಪ್ರಶ್ನೆ ಅಡುಗೆಮನೆಯಿಂದ ಹೊರಗೆ ಹೋಗಲಿಲ್ಲ. ತಾನು ಒಬ್ಬಳೇ ಮಗಳು ಎಂಬುದು ಅವಳಿಗೆ ಕಿಟಕಿಯಾಚೆಯ ಹೊಳೆಯಷ್ಟೇ ಸಹಜವಾಗಿತ್ತು. ಯಾಕೆ ಎಂದು ಅವಳೂ ಒಮ್ಮೆಯೂ ಕೇಳಿರಲಿಲ್ಲ.

ಆಸ್ಪತ್ರೆಯವರು ಮನೆಯವರನ್ನೆಲ್ಲ ಪರೀಕ್ಷೆಗೆ ಬರಹೇಳಿದಾಗ ಗುನ್ವೋರ್ ತಾಯಿಯನ್ನೂ ಕರೆದುಕೊಂಡು ಹೋದಳು. ಗುನ್ವೋರ್‌ಳ ರಕ್ತ ಹೊರನೋಟಕ್ಕೆ ಎಲ್ಲರಂಥದೇ, ಒಳಗೆ ಅರ್ಧ ಮಾತ್ರ ಇನ್ನೊಂದು. ಹಿಲ್ಡುರ್‌ಳದು ಪೂರ್ತಿ ರಗ್ನಾಳದೇ. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಗುನ್ವೋರ್ ಅಂಗಳದ ಮೂಲೆಯ ರೊಟ್ಟಿಮನೆಗೆ ನಡೆದಳು. ಹಿಲ್ಡುರ್ ವರ್ಷಕ್ಕಾಗುವಷ್ಟು ತೆಳುರೊಟ್ಟಿ ಲಟ್ಟಿಸುತ್ತಿದ್ದಳು. ಒಲೆಯ ಬೆಂಕಿಗೆ ಮುಖ ಕೆಂಪಾಗಿತ್ತು, ಹುಬ್ಬಿನ ಮೇಲೆಲ್ಲ ಹಿಟ್ಟು.

ಗುನ್ವೋರ್ ಒಂದೊಂದೇ ಮಾತು ಆರಿಸಿಕೊಂಡು ಹೇಳಿದಳು. ನಿನ್ನ ರಕ್ತವೂ ಅದೇ. ನಿನಗೆ ಕೂಸುಗಳು ಹೋಗಿದ್ದರೆ ಅವು ಹೋದದ್ದು ಅದರಿಂದ. ಹಾಲಿನ ಕ್ಯಾನು ಎತ್ತಿದ್ದರಿಂದಲ್ಲ, ಕೆಲಸ ಮಾಡಿದ್ದರಿಂದಲ್ಲ, ಮಾಡದೆ ಇದ್ದದ್ದರಿಂದಲೂ ಅಲ್ಲ. ನಾನು ಉಳಿದದ್ದೇ ದೊಡ್ಡದು ಅಂದರು ಡಾಕ್ಟರು.

ಹಿಲ್ಡುರ್‌ಳ ಲಟ್ಟಣಿಗೆ ನಿಂತಿತು. ರೊಟ್ಟಿಯ ಅಂಚು ಬಿಸಿಗೆ ಬಿರಿಯತೊಡಗಿತು.

"ಹಿಟ್ಟು ಒಣಗ್ತಾ ಇದೆ," ಎಂದಳು ಅವಳು, ಮತ್ತೆ ಲಟ್ಟಿಸಿದಳು.

ಆದರೆ ಸ್ಕೀಯ ಮಾತು ಆಮೇಲೆ ಬರಲಿಲ್ಲ. ಮುಂದಿನ ಸಲ ಪಟ್ಟಣಕ್ಕೆ ಹೊರಟಾಗ ಹಿಲ್ಡುರ್ ಕೋಟು ಹಾಕಿಕೊಂಡು ಕಾರಿನಲ್ಲಿ ಮೊದಲೇ ಕೂತಿದ್ದಳು. ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು, ಹೆಣಿಗೆ ಮಡಿಲಲ್ಲಿಟ್ಟುಕೊಂಡು, ಒಂದು ಸಾಲನ್ನೂ ಹೆಣೆಯದೆ ಆ ಹೊನ್ನಿನ ನೀರು ಇಳಿಯುವುದನ್ನು ನೋಡುತ್ತಾ ಕೂತಳು. ನರ್ಸು ಕಾಫಿ ತಂದಿಟ್ಟದ್ದು ಆರಿಹೋಯಿತು. ಹಿಲ್ಡುರ್ ಕಾಫಿ ಆರಲು ಬಿಟ್ಟದ್ದನ್ನು ಗುನ್ವೋರ್ ಹಿಂದೆ ನೋಡಿರಲಿಲ್ಲ.

ಬೇಸಿಗೆ ಬಂತು. ಸೂರ್ಯ ಮುಳುಗಲು ಮರೆತ ದಿನಗಳಲ್ಲಿ ರಗ್ನಾಳ ಹೊಟ್ಟೆ ದೊಡ್ಡದಾಯಿತು. ಹಿಂದೆ ಯಾವುದೂ ಇಷ್ಟು ದೂರ ಬಂದಿರಲಿಲ್ಲ. ಮನೆಯಲ್ಲಿ ಯಾರೂ ಆ ಬಗ್ಗೆ ಮಾತೆತ್ತುತ್ತಿರಲಿಲ್ಲ. ಎಲ್ಲರೂ ಅವಳು ಮೆಟ್ಟಿಲಿಳಿಯುವ ಸದ್ದಿಗೆ ಕಿವಿ ಕೊಡುತ್ತಿದ್ದರು.

ಆಗಸ್ಟಿನಲ್ಲಿ ಈವಾರ್ ಸೌದೆ ಒಟ್ಟುತ್ತಿದ್ದ. ಗುನ್ವೋರ್ ಕೊಂಬೆಗಳನ್ನು ಎತ್ತಿಕೊಡುತ್ತಿದ್ದಳು. ಸೆಕೆಗೆ ಅವನು ತೋಳು ಮಡಚಿದಾಗ ಮೊಣಕೈಯ ಒಳಮಡಿಕೆಯಲ್ಲಿ ಹತ್ತಿ ಅಂಟಿಸಿದ್ದು ಕಂಡಿತು.

"ಏನದು?"

"ಸಿಬಿರು ಚುಚ್ತು."

"ಸಿಬಿರಿಗೆ ಆಸ್ಪತ್ರೆಯವರು ಹತ್ತಿ ಇಟ್ಟು ಕಳಿಸ್ತಾರಾ?"

ಈವಾರ್ ತುಟಿ ಮೊನಚು ಮಾಡಿ ಸುಯ್ ಎಂದು ಗಾಳಿ ಒಳಗೆಳೆದುಕೊಂಡ. ಆ ಸೀಮೆಯವರು ಹೌದು ಎನ್ನುವುದು ಹಾಗೆಯೇ. ಬಾಯಿ ಬಿಡಿಸಿದಾಗ ಗೊತ್ತಾಯಿತು, ಮೊದಲನೆಯ ಸಲ ಕೊಟ್ಟು ಕೆಲವು ತಿಂಗಳಾಗಿತ್ತು, ಅದನ್ನು ಹೆಪ್ಪುಗಟ್ಟಿಸಿದ್ದರು. ಈಗ ಕೊಟ್ಟದ್ದು ತಾಜಾ ಚೀಲ, ಹೆರಿಗೆಗೆಂದು.

"ಅವಳಿಗೆ ಹೇಳ್ಬೇಡ," ಎಂದ.

"ಯಾಕೋ?"

"ಹೇಳಿದ್ರೆ ಅವಳು ಮಾತಾಡಿಸ್ಬೇಕಾಗುತ್ತೆ. ಮನಸ್ಸಿಲ್ದೇ ಮಾತಾಡಿಸೋದು ಯಾಕೆ?"

ಗುನ್ವೋರ್ ಕೊಂಬೆ ಎತ್ತಿಕೊಟ್ಟಳು. ಹೇಳಬೇಕೆಂದು ದಿನವೂ ಅಂದುಕೊಂಡಳು. ಮೇಜು ಹಾಕುವಾಗ, ಕಾರಿನಲ್ಲಿ, ಬಟ್ಟೆ ಒಣಹಾಕುವಾಗ ಮಾತು ನಾಲಿಗೆಯವರೆಗೆ ಬಂದು ನಿಲ್ಲುತ್ತಿತ್ತು. ರಗ್ನಾ ಕೇಳಲಿಲ್ಲ, ಅವಳು ಹೇಳಲಿಲ್ಲ.

ಸೆಪ್ಟೆಂಬರಿನ ಬೇಟೆವಾರ ಬಂದಾಗ ಊರಿನ ಗಂಡಸರೆಲ್ಲ, ಅರ್ಧದಷ್ಟು ಹೆಂಗಸರೂ ಕಾಡಿನಲ್ಲಿದ್ದರು. ಈವಾರ್ ಬೇಟೆತಂಡದ ಮುಂದಾಳು. ಹೋಕನ್ ಅವನಿಂದ ಒಂದಿಷ್ಟು ದೂರದ ಕಾವಲಿನಲ್ಲಿ. ಮನೆಯಲ್ಲಿ ಮೂರು ಜನ ಹೆಂಗಸರು. ಬೆಳಗಿನ ಕಾಫಿ ಮುಗಿದಿತ್ತು. ರಗ್ನಾ ಕಿಟಕಿಯ ಬಳಿ ಆಲೂಗಡ್ಡೆ ಹೊಲ ನೋಡುತ್ತಾ ನಿಂತಿದ್ದವಳು "ಅಮ್ಮಾ" ಎಂದಳು, ದನಿ ಏರಿಸದೆ. ಗುನ್ವೋರ್ ತಿರುಗಿದಾಗ ನೆಲದ ಹಲಗೆಯ ಮೇಲೆ ರಕ್ತ.

ತುರ್ತು ಸಹಾಯಕ್ಕೆ ಫೋನ್ ಮಾಡಿದಾಗ ಅತ್ತಲಿನವಳು ಹೆಸರು ಕೇಳಿದಳು, ಊರು ಕೇಳಿದಳು, ಎಷ್ಟು ತಿಂಗಳು ಎಂದು ಕೇಳಿದಳು, ಉಸಿರಾಟ ಹೇಗಿದೆ ಎಂದು ಕೇಳಿದಳು. ಗುನ್ವೋರ್ ಕೇಳಿದ್ದಕ್ಕೆಲ್ಲ ಸ್ಪಷ್ಟವಾಗಿ ಉತ್ತರ ಕೊಟ್ಟಳು. ಕೇಳಿದ್ದಕ್ಕಷ್ಟೇ. ಫೋನಿಟ್ಟ ಮೇಲೆ ರಕ್ತದ ವಿಷಯ ನೆನಪಾಯಿತು. ಮತ್ತೆ ಮಾಡಬೇಕೆನ್ನುವಷ್ಟರಲ್ಲಿ ರಗ್ನಾ ಕುರ್ಚಿಯಿಂದ ಜಾರಿದಳು, ಅವಳನ್ನು ಹಿಡಿದುಕೊಳ್ಳಬೇಕಾಯಿತು.

ದಾರಿ ದೂರವೆಂದು ಹೆಲಿಕಾಪ್ಟರ್ ಕಳಿಸಿದ್ದರು. ಅದು ಆಲೂಗಡ್ಡೆ ಹೊಲದಲ್ಲೇ ಇಳಿದು, ಸೊಪ್ಪನ್ನೆಲ್ಲ ನೆಲಕ್ಕೆ ಮಲಗಿಸಿತು. ಅದರಲ್ಲಿ ಬಂದ ಡಾಕ್ಟರ್ ದಕ್ಷಿಣದ ಕಡೆಯ ಮಾತಿನ ತರುಣ. ಚುರುಕಾಗಿ, ಒಂದು ಮಾತೂ ಹೆಚ್ಚಿಲ್ಲದೆ ಕೆಲಸ ಮಾಡಿದ. ರಗ್ನಾಳಿಗೆ ಆಗಲೇ ಪ್ರಜ್ಞೆ ತಪ್ಪುತ್ತಿತ್ತು. ಅವಳ ರಕ್ತದ ಬಗ್ಗೆ ಆಸ್ಪತ್ರೆಯವರು ಕೊಟ್ಟಿದ್ದ ಎಚ್ಚರಿಕೆಯ ಚೀಟಿ ಮಹಡಿಯ ಕೈಚೀಲದಲ್ಲಿತ್ತು. ಸ್ಟ್ರೆಚರನ್ನು ಹೊಲಕ್ಕೆ ಒಯ್ದ ಮೇಲೆ ಆ ತರುಣ ತಣ್ಣನೆಯ ಪೆಟ್ಟಿಗೆಯಿಂದ ರಕ್ತದ ಚೀಲ ತೆಗೆದು, ಹೆದರಬೇಡಿ ಎಂದು ಗುನ್ವೋರ್‌ಳಿಗೆ ಸಮಾಧಾನ ಹೇಳಿದ. "ಇದು ಓ ನೆಗೆಟಿವ್. ಯಾರಿಗಾದ್ರೂ ಆಗುತ್ತೆ."

ಗುನ್ವೋರ್‌ಳ ಬಾಯಿ ತೆರೆಯಿತು. ತಿಳಿದವರು ಕೆಲಸ ಮಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಅವಳು ಹುಟ್ಟಿನಿಂದ ಕಲಿತಿದ್ದಳು. ಆಸ್ಪತ್ರೆಯಿಂದ ಇವರಿಗೆ ಹೇಳಿಯೇ ಇರುತ್ತಾರೆ, ಚೀಲ ಗೊತ್ತಿದ್ದೇ ತಂದಿರುತ್ತಾರೆ. ಆ ಒಂದು ಗಳಿಗೆ ಅವಳ ಬದುಕಿನಲ್ಲೇ ದೊಡ್ಡದಾಗಿ ಬೆಳೆಯಿತು, ದನಿ ಮಾತ್ರ ಹೊರಡಲಿಲ್ಲ.

ಅವಳ ಪಕ್ಕದಿಂದ ಹಿಲ್ಡುರ್ ಹಾದುಹೋದಳು. ಮನೆಯೊಳಗಿನ ಚಪ್ಪಲಿಯಲ್ಲೇ ಮಣ್ಣಿನ ಸಾಲು ದಾಟಿ, ಎರಡೂ ಕೈಯಿಂದ ಡಾಕ್ಟರ ತೋಳು ಹಿಡಿದಳು.

"ಯಾರಿಗಾದ್ರೂ ಆಗ್ಲಿ. ಇವಳಿಗೆ ಆಗಲ್ಲ. ಹಾಕಿದ್ರೆ ಸಾಯ್ತಾಳೆ."

ಆ ತರುಣ ಅವಳನ್ನು ನೋಡಿದ.

"ಇವಳದ್ದು ನನ್ನ ರಕ್ತ," ಎಂದಳು ಹಿಲ್ಡುರ್. ರೆಕ್ಕೆಯ ಸದ್ದಿನ ಮೇಲೆ ಕೇಳಿಸುವಷ್ಟು ಜೋರಾಗಿ, ಅಂಗಳದಾಚೆಗೂ ಕೇಳುವಷ್ಟು ಜೋರಾಗಿ. "ಊರಲ್ಲಿ ಯಾರದೂ ಇದಕ್ಕೆ ಹೊಂದಲ್ಲ. ನಾನು ಆರು ಕೂಸು ಕಳ್ಕೊಂಡಿದೀನಿ ಇದ್ರಿಂದ. ಆಸ್ಪತ್ರೆಗೆ ಫೋನ್ ಮಾಡು, ಅಲ್ಲಿ ಇವಳ ಚೀಲ ಇದೆ."

ಅವನು ಚೀಲವನ್ನು ಮತ್ತೆ ಪೆಟ್ಟಿಗೆಗೆ ಹಾಕಿದ. ಸದ್ಯಕ್ಕೆ ನರಕ್ಕೆ ಉಪ್ಪುನೀರು ಏರಿಸಲು ತನ್ನ ಜೊತೆಯವನಿಗೆ ಹೇಳಿ, ತಾನೇ ಆಸ್ಪತ್ರೆಗೆ ಕರೆ ಮಾಡಿದ. ಹೆಲಿಕಾಪ್ಟರ್ ಮೇಲೆದ್ದು, ಹೊಳೆಯ ಗುಂಟ ದಕ್ಷಿಣಕ್ಕೆ ಹೋಯಿತು. ಹೊಲದ ನಡುವೆ ನಿಂತ ತಾಯಿಯ ಸ್ಕರ್ಟು ಗಾಳಿಗೆ ಇನ್ನೂ ಬಡಿಯುತ್ತಿತ್ತು. ಗುನ್ವೋರ್ ಅವಳನ್ನು ಹೊಸದಾಗಿ ಕಂಡವಳಂತೆ ನೋಡಿದಳು.

ತಾಯಿ ಮಗಳಿಬ್ಬರೂ ಕಾರಿನಲ್ಲಿ ಆಸ್ಪತ್ರೆಗೆ ಹೊರಟರು. ಕಾವಲಿನಲ್ಲಿದ್ದ ಗಂಡಸರಿಗೆ ನೆರೆಯವಳು ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸಿದ್ದಳು.

"ಆರು," ಎಂದಳು ಗುನ್ವೋರ್ ಕೊನೆಗೆ.

"ನಾಲ್ಕು ನಿನಗಿಂತ ಮುಂಚೆ. ಎರಡು ಆಮೇಲೆ." ಹಿಲ್ಡುರ್ ಕಿಟಕಿಯಾಚೆ ನೋಡುತ್ತಿದ್ದಳು. "ನಮ್ಮತ್ತೆ ಅಂತಿದ್ಲು, ನಿನ್ನ ರಕ್ತವೇ ಕೆಟ್ಟದ್ದು ಅಂತ. ಪಾಪ ಮಾಡಿದವಳ ರಕ್ತ ಅಂತ. ನಾನೂ ನಂಬಿದ್ದೆ. ಏನು ಪಾಪ ಅಂತ ಮಾತ್ರ ಗೊತ್ತಾಗಿರ್ಲಿಲ್ಲ, ಅದನ್ನೇ ಹುಡುಕ್ತಿದ್ದೆ."

"ನಂಗೆ ಹೇಳಬಹುದಿತ್ತಲ್ಲಮ್ಮ."

"ನೀನು ಕೇಳ್ಳಿಲ್ಲ."

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೂಸನ್ನು ಹೊಟ್ಟೆ ಕೊಯ್ದು ತೆಗೆದಾಗಿತ್ತು. ಹೆಣ್ಣು. ತೂಕ ಕಮ್ಮಿ, ಆದರೆ ತಾನೇ ಉಸಿರಾಡುತ್ತಿದೆ ಎಂದರು. ಗಾಜಿನ ತೊಟ್ಟಿಲಲ್ಲಿ ಅದರ ಎದೆ ಏರಿ ಇಳಿಯುವುದನ್ನು ಅವರಿಗೆ ತೋರಿಸಿದರು. ಇದರ ರಕ್ತ ತಂದೆಯ ಕಡೆಯದರಿಂದಾಗಿ ಎಲ್ಲರಂಥದೇ ಎಂದು ಡಾಕ್ಟರ್ ಸೆಸಿಲಿಯಾ ಹೇಳಿದಾಗ ಗುನ್ವೋರ್‌ಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಇಷ್ಟು ತಿಂಗಳು ತನ್ನನ್ನು ಕೊಲ್ಲಬಲ್ಲ ರಕ್ತದ ನಡುವೆಯೇ ಈ ಮುಷ್ಟಿಗಾತ್ರದ ಜೀವ ಬೆಳೆದಿತ್ತು. ಅವಳು ಗಾಜಿನ ಮೇಲೆ ಕೈಯಿಟ್ಟಳು.

ರಗ್ನಾ ಪಕ್ಕದ ಕೋಣೆಯಲ್ಲಿ ಕಣ್ಣು ತೆರೆದಿದ್ದಳು. ಮುಖ ಇನ್ನೂ ಬಿಳಿಚಿತ್ತು. ತಲೆಯ ಮೇಲೆ ತೂಗಿದ್ದ ಕಪ್ಪುಗೆಂಪು ಚೀಲದಿಂದ ಹನಿ ಇಳಿಯುತ್ತಿತ್ತು.

"ಇದು ಯಾರದು?" ಎಂದು ಕೇಳಿದಳು. "ಹೆಪ್ಪುಗಟ್ಟಿದ್ದು ಕರಗೋವರೆಗೂ ಕಾಯ್ಲಿಲ್ಲ ಇವರು. ತಾಜಾ ಇತ್ತು ಅಂದ್ರು. ಯಾರು ಕೊಟ್ರು ಅಂತ ಹೇಳೋ ಹಾಗಿಲ್ವಂತೆ."

ಆಸ್ಪತ್ರೆಯವರು ಹೇಳುವ ಹಾಗಿಲ್ಲ. ಯಾರೂ ಒತ್ತಾಯ ಮಾಡುತ್ತಲೂ ಇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಗುನ್ವೋರ್ ಮಂಚದ ಅಂಚು ಹಿಡಿದುಕೊಂಡಳು.

"ಈವಾರ್‌ನದು. ಮೊದಲೂ ಒಂದು ಸಲ ಕೊಟ್ಟಿದ್ದ. ನಂಗೆ ಗೊತ್ತಿತ್ತು, ಅವನು ಬೇಡ ಅಂದ ಅಂತ ಹೇಳ್ಳಿಲ್ಲ. ಹೇಳ್ಬೇಕಿತ್ತು."

ರಗ್ನಾ ತಲೆ ಹೊರಳಿಸಿ ಚೀಲವನ್ನು ನೋಡಿದಳು. ಹನಿ ಕೊಳವೆಗೆ ಬೀಳುವುದನ್ನು, ಕೊಳವೆ ತನ್ನ ತೋಳಿಗೆ ಸೇರುವುದನ್ನು ಕಣ್ಣಿನಿಂದಲೇ ಹಿಂಬಾಲಿಸಿದಳು.

ಆ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಬೇಟೆಯ ಹಸಿರು ಬಟ್ಟೆ, ಬೂಟಿನ ತುಂಬ ಜೌಗುಮಣ್ಣು. ಹೋಕನ್ ಹೆಂಡತಿಯ ಹಣೆ ಮುಟ್ಟಿ, ನಿಲ್ಲಲಾರದೆ ಗಾಜಿನ ತೊಟ್ಟಿಲಿನ ಕಡೆಗೆ ಓಡಿದ. ಈವಾರ್ ಹೊಸ್ತಿಲಲ್ಲೇ ನಿಂತ. ತಲೆಯ ಮೇಲೆ ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ಹಾಗೆಯೇ ಇತ್ತು.

"ತಣ್ಣಗಿದೆಯಾ ಅದು?" ಎಂದು ಕೇಳಿದ, ಚೀಲದ ಕಡೆ ಗಲ್ಲ ಎತ್ತಿ.

"ಮೊದಲು ಸ್ವಲ್ಪ ತಣ್ಣಗಿತ್ತು," ಎಂದಳು ರಗ್ನಾ. "ಈಗ ಬೆಚ್ಚಗಿದೆ." ಸ್ವಲ್ಪ ತಡೆದು ಅಂದಳು, "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ."

"ಗೊತ್ತು."

"ಒಳಗೆ ಬಾ. ಗಾಳಿ ಬರುತ್ತೆ."

ಅವನು ಎರಡು ಹೆಜ್ಜೆ ಒಳಗೆ ಬಂದು ಮಂಚದ ಕಾಲ ಬಳಿ ನಿಂತ. ಹಿಲ್ಡುರ್ ಅಷ್ಟು ಹೊತ್ತೂ ಚೀಲದ ಕೆಳಗಿನ ಕುರ್ಚಿಯಲ್ಲಿ ಕತ್ತೆತ್ತಿ ಕೂತಿದ್ದಳು. ರಗ್ನಾಳ ತುಟಿಗೆ ಬಣ್ಣ ಮೆಲ್ಲಗೆ ಮರಳುತ್ತಿತ್ತು. ಅದನ್ನು ಗುನ್ವೋರ್ ಕಂಡಳು, ತಾಯಿಯೂ ಕಂಡದ್ದನ್ನು ಕಂಡಳು. ಹಿಲ್ಡುರ್ ಕೈ ಚಾಚಿ ಒಂದು ಬೆರಳನ್ನು ಕೊಳವೆಯ ಮೇಲೆ ಇಟ್ಟಳು, ಮಲಗಿದ ಮಗುವಿನ ಕೆನ್ನೆ ಮುಟ್ಟುವಷ್ಟು ಹಗುರಾಗಿ.

"ಟೋಪಿ ತೆಗಿ," ಎಂದಳು ಮೊಮ್ಮಗನಿಗೆ, ತಿರುಗಿ ನೋಡದೆ.

"ಯಾಕೆ ಅಜ್ಜಿ? ಇದೇನು ಚರ್ಚಾ?"

"ತೆಗಿ ಅಂದೆ."

ಈವಾರ್ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತುಕೊಂಡ.